ಗೈರ್‌ಮುಲ್ಕಿ ಎಂಬ ಮಾತು

ಮುಲ್ಕಿ ಎಂದೊಡನೆ ಕರಾವಳಿಯ ಕನ್ನಡಿಗರಿಗೆ ಶಾಂಭವಿ ನದಿಯ ದಡದ ಊರು ನೆನಪಾಗುತ್ತದೆ. ಧಾರವಾಡ, ವಿಜಾಪುರದ ಕಡೆಯ ಹಿರಿಯರಿಗೆ ನೆನಪಾಗುವುದು ಏಳನೆಯ ಇಯತ್ತೆಯ ಪರೀಕ್ಷೆ. ಮುಲ್ಕಿ ಪಾಸಾದವನಿಗೆ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಸಿಗುತ್ತಿದ್ದ ಕಾಲವೊಂದಿತ್ತು. ಕಲಬುರಗಿ, ಬೀದರ, ರಾಯಚೂರಿನ ಹಳೆಯ ತಲೆಮಾರಿಗೆ ಮಾತ್ರ ಈ ಪದ ಇನ್ನೊಂದು ಅರ್ಥವನ್ನು ಹೇಳುತ್ತದೆ: ನಿಜಾಮನ ಸಂಸ್ಥಾನದ ಪ್ರಜೆ, ಆ ಸಂಸ್ಥಾನದ ಸರ್ಕಾರಿ ನೌಕರಿಗೆ ಹಕ್ಕುದಾರ. ಮೊದಲನೆಯದು ಸ್ಥಳನಾಮ, ಉಳಿದೆರಡಕ್ಕೂ ಅದಕ್ಕೂ ನಂಟಿಲ್ಲ. ಉಳಿದೆರಡು ಅರಬ್ಬಿಯ ‘ಮುಲ್ಕ್’ ಎಂಬ ಮಾತಿನಿಂದ ಪಾರಸಿಯ ಮೂಲಕ ಬಂದವು. ಮುಲ್ಕ್ ಎಂದರೆ ಆಳ್ವಿಕೆಗೆ ಒಳಪಟ್ಟ ನಾಡು. ಉತ್ತರ ಕರ್ನಾಟಕದ ಹಳ್ಳಿಗರು ಇಂದಿಗೂ ‘ನಮ್ಮ ಮುಲುಕದಾಗ’ ಎನ್ನುತ್ತಾರಲ್ಲ, ಆ ಮುಲುಕವೂ ಇದೇ. ಮರಾಠಿಯಲ್ಲಿ ಮುಲ್ಕಿ ಎಂದರೆ ದಂಡಿಗೆ ಸೇರದ, ನಾಡಿನ ಆಡಳಿತಕ್ಕೆ ಸೇರಿದ ಎಂಬ ಅರ್ಥ ನಿಂತಿತು. ಹೈದರಾಬಾದಿನ ಉರ್ದುವಿನಲ್ಲಿ ಅದು ಮನುಷ್ಯನಿಗೆ ಅಂಟಿಕೊಂಡಿತು.

ಇಲ್ಲಿ ನಾವು ಬರೆಯಹೊರಟಿರುವುದು ಈ ಮೂರನೆಯ ಮುಲ್ಕಿಯ ವಿಷಯ. ಅದಕ್ಕಿಂತಲೂ ಹೆಚ್ಚಾಗಿ ಅದರ ಬೆನ್ನಿಗೇ ಹುಟ್ಟಿದ ಗೈರ್‌ಮುಲ್ಕಿಯ ವಿಷಯ. ಗೈರ್ ಎಂದರೆ ಅಲ್ಲದ, ಬೇರೆಯ. ನಮ್ಮ ಗೈರುಹಾಜರಿಯಲ್ಲಿರುವುದೂ ಅದೇ. ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಉದ್ಯೋಗನಿಮಿತ್ತ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಈ ಪದದ ಕಥೆ ಎರಡು ಕಾರಣಗಳಿಂದ ಹತ್ತಿರದ್ದು. ಈ ಎರಡು ನಗರಗಳು 1972ರಲ್ಲಿ ಇದೊಂದು ಪದದ ಮೇಲೆ ದಂಗೆಯೆದ್ದವು. ಮತ್ತು ಕನ್ನಡಿಗರಲ್ಲಿಯೇ ಒಂದು ಪಾಲು ಜನ ಮುಲ್ಕಿಗಳಾಗಿದ್ದು, ಉಳಿದ ಪಾಲು ಅವರಿಗೆ ಗೈರ್‌ಮುಲ್ಕಿಯಾಗಿತ್ತು. ಎರಡನೆಯ ಸಂಗತಿಯನ್ನು ನಮ್ಮಲ್ಲಿ ಬಹಳ ಜನ ಮರೆತಂತಿದೆ.

ಪದ ಹೊಸದಾದರೂ ಜಗಳ ಹಳೆಯದು, ಮತ್ತು ಅದು ಮೊದಲು ಕಾಣಿಸಿಕೊಂಡದ್ದು ಕನ್ನಡ ನೆಲದಲ್ಲಿ. ಕಲಬುರಗಿಯಿಂದಲೂ ಆಮೇಲೆ ಬೀದರದಿಂದಲೂ ಆಳಿದ ಬಹಮನಿ ಸುಲ್ತಾನರ ಆಸ್ಥಾನ ಎರಡು ಬಣಗಳಾಗಿ ಒಡೆದಿತ್ತು. ಹಲವು ತಲೆಮಾರುಗಳಿಂದ ಇಲ್ಲಿ ಬೇರೂರಿದವರು ದಖ್ಖನಿಗಳು. ಇರಾನ್, ಮಧ್ಯ ಏಷ್ಯಾಗಳಿಂದ ಹಡಗು ಹತ್ತಿ ಬಂದವರು ಆಫಾಖಿಗಳು, ಅಂದರೆ ದಿಗಂತದಾಚೆಯವರು. ಗಿಲಾನಿನಿಂದ ಬಂದ ಮಹಮೂದ್ ಗವಾನ್ ಈ ಎರಡನೆಯ ಬಣದವನು. ಬೀದರದಲ್ಲಿ ಅವನು 1472ರ ಸುಮಾರಿಗೆ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. 1481ರಲ್ಲಿ ಸುಳ್ಳು ಪತ್ರವೊಂದರ ಆರೋಪದ ಮೇಲೆ ಅವನ ತಲೆ ಹಾರಿತು. ಪತ್ರವನ್ನು ಹೊಸೆದವರು ದಖ್ಖನಿ ಬಣದವರೆಂದು ಇತಿಹಾಸಕಾರರು ಬರೆಯುತ್ತಾರೆ.

ಆ ಕಾಲದ ಪಾರಸಿ ಬರಹಗಳಲ್ಲಿ ಆಫಾಖಿಗಳಿಗೆ ಇನ್ನೊಂದು ಹೆಸರೂ ಇದೆ: ಗರೀಬ. ಅರಬ್ಬಿಯಲ್ಲಿ ಗರೀಬ ಎಂದರೆ ಅಪರಿಚಿತ, ಪರಸ್ಥಳದವನು. ಆಸ್ಥಾನದಲ್ಲಿ ಮೇಲಿನ ಪೀಠಗಳಲ್ಲಿ ಕುಳಿತ, ಕುದುರೆ ವ್ಯಾಪಾರದಲ್ಲಿ ಹಣ ಮಾಡಿದ ಆಫಾಖಿಯೂ ಗರೀಬನೇ. ಅದೇ ಪದ ಕನ್ನಡಕ್ಕೆ ಬರುವ ಹೊತ್ತಿಗೆ ಬಡವ ಎಂಬ ಅರ್ಥ ಮಾತ್ರ ಉಳಿದಿತ್ತು. ಇದು ಆಕಸ್ಮಿಕವಿರಬಹುದೆಂದರೆ, ಸಂಸ್ಕೃತದಿಂದ ಬಂದ ಪರದೇಶಿಯೂ ಕನ್ನಡದಲ್ಲಿ ಅದೇ ದಾರಿ ಹಿಡಿದಿದೆ. ‘ಪರದೇಶಿ ಕೂಸು’ ಎಂದರೆ ನಮ್ಮಲ್ಲಿ ಯಾರೂ ಹೊರದೇಶದ ಕೂಸು ಎಂದು ತಿಳಿಯುವುದಿಲ್ಲ. ದಿಕ್ಕಿಲ್ಲದ ಕೂಸು ಎಂದೇ ತಿಳಿಯುತ್ತಾರೆ. ಊರು ಬಿಟ್ಟವನಿಗೆ ಆಸರೆಯಿಲ್ಲ ಎಂಬ ತಿಳಿವಳಿಕೆ ನಮ್ಮ ಭಾಷೆಗೆ ಎಷ್ಟು ಸಹಜವಾಗಿತ್ತೆಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ. ಗೈರ್‌ಮುಲ್ಕಿ ಮಾತ್ರ ಈ ದಾರಿಯಲ್ಲಿ ನಡೆಯಲಿಲ್ಲ. ಅದು ಎಂದೂ ಬಡವನನ್ನು ಸೂಚಿಸಲಿಲ್ಲ. ತನಗಿಂತ ದೊಡ್ಡ ಸಂಬಳ ಪಡೆಯುವ ಹೊರಗಿನವನನ್ನು ಸೂಚಿಸಿತು.

1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗ್ ಮೂವತ್ತು ವರ್ಷ ಹೈದರಾಬಾದಿನ ಆಡಳಿತವನ್ನು ತಿದ್ದಿದ. ಬ್ರಿಟಿಷ್ ಮಾದರಿಯ ಇಲಾಖೆಗಳಿಗೆ ಪಳಗಿದ ಜನ ಬೇಕಾಗಿ ಉತ್ತರ ಹಿಂದುಸ್ತಾನದಿಂದ ವಿದ್ಯಾವಂತರನ್ನು ಕರೆಸಿದ. ಸೈಯದ್ ಹುಸೇನ್ ಬಿಲ್‌ಗ್ರಾಮಿ, ಚಿರಾಗ್ ಅಲಿ, ಮೆಹದಿ ಅಲಿ ಮೊದಲಾದವರು ಬಂದದ್ದು ಹೀಗೆ. ಮೆಹದಿ ಅಲಿಗೆ ನಿಜಾಮ ಸರ್ಕಾರ ಕೊಟ್ಟ ಬಿರುದು ಮೊಹ್ಸಿನ್ ಉಲ್ ಮುಲ್ಕ್, ಅಂದರೆ ನಾಡಿನ ಉಪಕಾರಿ. ಹೀಗೆ ಬಿರುದಿನಲ್ಲಿ ಮುಲ್ಕನ್ನು ಹೊತ್ತ ಮನುಷ್ಯನೇ ದಫ್ತರದ ಪಟ್ಟಿಯಲ್ಲಿ ಗೈರ್‌ಮುಲ್ಕಿ. 1880ರ ದಶಕದಲ್ಲಿ ಪಾರಸಿಯ ಬದಲು ಉರ್ದು ಆಡಳಿತ ಭಾಷೆಯಾದಾಗ, ಪಾರಸಿ ಬಲ್ಲ ಹಳೆಯ ಹೈದರಾಬಾದಿ ಮನೆತನಗಳ ಅಂಗಲಾಪ ಹೆಚ್ಚಿತು. ಹೊರಗಿನವರನ್ನು ನೇಮಿಸಬೇಕಾದರೆ ವಿಶೇಷ ಅನುಮತಿ ಬೇಕೆಂಬ ಆಜ್ಞೆಗಳು ಒಂದರ ಹಿಂದೊಂದು ಹೊರಟು, ಕೊನೆಗೆ 1919ರಲ್ಲಿ ಏಳನೆಯ ನಿಜಾಮನ ಫರ್ಮಾನಿನಿಂದ ಮುಲ್ಕಿ ನಿಯಮಗಳು ಗಟ್ಟಿ ರೂಪ ಪಡೆದವು.

ಈ ನಿಯಮಗಳ ಒಕ್ಕಣೆ ಗಮನವಿಟ್ಟು ಓದಬೇಕಾದದ್ದು. ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. 15 ವರ್ಷ ಸೇವೆ ಪೂರೈಸಿದ ಸರ್ಕಾರಿ ನೌಕರನಿಗೆ ಸೇವೆಯಲ್ಲಿರುವಾಗ ಹುಟ್ಟಿದ ಮಗು ಮುಲ್ಕಿ. ಮುಲ್ಕಿಯ ಹೆಂಡತಿ ಮುಲ್ಕಿ. ಇವಾವುದೂ ಅಲ್ಲದವನು ಕನಿಷ್ಠ 15 ವರ್ಷ ಸಂಸ್ಥಾನದಲ್ಲಿ ಕಾಯಂ ವಾಸವಿದ್ದು, ತನ್ನ ಹಿಂದಿನ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿದ್ದೇನೆಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಸಲ್ಲಿಸಿದರೆ ಅವನೂ ಮುಲ್ಕಿ. ವರ್ಷಗಳನ್ನು ಎಣಿಸುವುದು ಯಾವ ಸರ್ಕಾರಕ್ಕೂ ಕಷ್ಟವಲ್ಲ. ಮರಳುವ ಯೋಚನೆಯನ್ನು ಎಣಿಸುವುದು ಹೇಗೆ? ಇಪ್ಪತ್ತು ವರ್ಷ ಹೊರನಾಡಿನಲ್ಲಿದ್ದು, ನಿವೃತ್ತಿಯ ಮೇಲೆ ಊರಲ್ಲಿ ಮನೆ ಕಟ್ಟಿಸುವ ಲೆಕ್ಕವನ್ನು ಪ್ರತಿ ಯುಗಾದಿಗೊಮ್ಮೆ ಹಾಕಿ ಅಳಿಸುವ ನಮ್ಮಂಥವರನ್ನು ಆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ಏನು ಬರೆದುಕೊಡುತ್ತೇವೆ?

ನಿಜಾಮನ ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಕಲಬುರಗಿಯ ಕನ್ನಡಿಗನೂ ವಾರಂಗಲ್ಲಿನ ತೆಲುಗನೂ ಔರಂಗಾಬಾದಿನ ಮರಾಠಿಗನೂ ಒಂದೇ ಪದದ ಕೆಳಗೆ ಬಂದರು. ಕೃಷ್ಣೆಯ ಈಚೆಗಿನ ಬೆಜವಾಡದ ತೆಲುಗನೂ ಧಾರವಾಡದ ಕನ್ನಡಿಗನೂ ಪುಣೆಯ ಮರಾಠಿಗನೂ ಅವರಿಗೆ ಸಮಾನವಾಗಿ ಗೈರ್‌ಮುಲ್ಕಿಗಳು. ಭಾಷೆಯನ್ನು ಲೆಕ್ಕಕ್ಕೇ ಹಿಡಿಯದ ಈ ವಿಂಗಡಣೆ ಇಂದು ನಮಗೆ ವಿಚಿತ್ರವಾಗಿ ಕಂಡೀತು. ಅದರಲ್ಲಿ ಒಂದು ಬಗೆಯ ಔದಾರ್ಯವೂ ಇತ್ತೆಂದು ನಮ್ಮ ಅನಿಸಿಕೆ. 1930ರ ದಶಕದಲ್ಲಿ ಮುಲ್ಕಿ ಲೀಗ್ ಎಂದು ಹೆಸರಾದ ನಿಜಾಮ ಪ್ರಜೆಗಳ ಸಂಘದಲ್ಲಿ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಕುಳಿತದ್ದು ಈ ಪದದ ಬಲದಿಂದಲೇ. ಆದರೆ ಆ ಔದಾರ್ಯ ನಿಂತಿದ್ದದ್ದು ಹೊರಗೆ ನಿಲ್ಲಿಸಬೇಕಾದ ಇನ್ನೊಬ್ಬನ ಮೇಲೆ. ಬರಿಯ ಮುಲ್ಕಿ ಎಂಬ ಪದಕ್ಕೆ ಸ್ವಂತ ಅರ್ಥ ಹೆಚ್ಚೇನೂ ಇರಲಿಲ್ಲ. ಸರ್ಕಾರಿ ಹುದ್ದೆಯೊಂದು ಖಾಲಿಯಾಗಿ, ಅದಕ್ಕೆ ಗೈರ್‌ಮುಲ್ಕಿಯೊಬ್ಬ ಅರ್ಜಿ ಹಾಕಿದಾಗ ಅದಕ್ಕೆ ಜೀವ ಬರುತ್ತಿತ್ತು.

ಗೈರ್‌ಮುಲ್ಕಿಗಳು ಮಾಡಿದ್ದೇನು ಎಂದು ಕೇಳುವವರಿಗೆ ಒಂದು ಹೆಸರು ಸಾಕು. 1908ರ ಮೂಸಿ ನದಿಯ ಮಹಾಪ್ರವಾಹ ಹೈದರಾಬಾದನ್ನು ಕೊಚ್ಚಿದ ಮೇಲೆ, 1909ರಲ್ಲಿ ನಿಜಾಮ ಸರ್ಕಾರ ಕರೆಸಿದ್ದು ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅವರ ಯೋಜನೆಯ ಫಲ. ಹುಟ್ಟಿನಿಂದ ಅವರು ಮೈಸೂರು ಸಂಸ್ಥಾನದವರು, ಮನೆಮಾತಿನಿಂದ ತೆಲುಗರು. ವಂಶದ ಹೆಸರಾದ ಮೋಕ್ಷಗುಂಡಂ ಇಂದಿನ ಆಂಧ್ರದ ಒಂದು ಹಳ್ಳಿ.

ಮೈಸೂರಿನಲ್ಲಿಯೂ ಇದೇ ಜಗಳ ಬೇರೆ ಮಾತಿನಲ್ಲಿ ನಡೆದಿತ್ತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದ ಮೇಲೆ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮೊದಲಾದ ದಿವಾನರು ಮದರಾಸಿನ ಕಡೆಯಿಂದ ಬಂದರು; ಅವರೊಡನೆ ಅಧಿಕಾರಿಗಳ ಸಾಲೂ ಬಂತು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಎದ್ದಿತು. ವಿಶಾಖಪಟ್ಟಣದಲ್ಲಿರುವ ನಾವು ಇಲ್ಲೊಂದು ಋಣವನ್ನು ನೆನೆಯಬೇಕು. ಮೈಸೂರಿನ ವಿದ್ಯಾಭ್ಯಾಸ ಇಲಾಖೆಯಲ್ಲಿ ದುಡಿದು, ಅಲ್ಲಿನ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಶ್ರಮಿಸಿದ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಮೈಸೂರಿಗರಲ್ಲ; ಅವರೇ ಮುಂದೆ 1926ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು. ಅವರ ತರುವಾಯ 1931ರಲ್ಲಿ ಆ ಪೀಠಕ್ಕೆ ಬಂದ ರಾಧಾಕೃಷ್ಣನ್ನರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ ಬಂದವರು. ಆ ವಿಶ್ವವಿದ್ಯಾನಿಲಯವೂ ಬೆಜವಾಡದಲ್ಲಿ ಆರಂಭವಾಗಿ ವಾಲ್ತೇರಿಗೆ ಬಂದ ವಲಸಿಗನೇ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಮದರಾಸು, ಮುಂಬಯಿ ಪ್ರಾಂತಗಳಿಂದ ಅಧಿಕಾರಿಗಳು, ಗುಮಾಸ್ತರು, ಶಿಕ್ಷಕರು ಹೈದರಾಬಾದಿಗೆ ಬಂದರು. ಹುಸಿ ಮುಲ್ಕಿ ಪ್ರಮಾಣಪತ್ರಗಳ ವ್ಯಾಪಾರವೂ ಹುಟ್ಟಿತು. 1952ರಲ್ಲಿ ವಾರಂಗಲ್ಲಿನಲ್ಲಿ ಆರಂಭವಾದ ವಿದ್ಯಾರ್ಥಿ ಚಳವಳಿ ಸೆಪ್ಟೆಂಬರಿನಲ್ಲಿ ರಾಜಧಾನಿಯನ್ನು ಮುಟ್ಟಿ, ಸಿಟಿ ಕಾಲೇಜಿನ ಬಳಿ ಗೋಲಿಬಾರಾಗಿ ಜೀವಗಳು ಹೋದವು. ಅಂದಿನ ಘೋಷಣೆಗಳಲ್ಲಿ ‘ಗೈರ್‌ಮುಲ್ಕಿ ಗೋ ಬ್ಯಾಕ್’ ಎಂಬುದರ ಜೊತೆಗೆ ‘ಇಡ್ಲಿ ಸಾಂಬಾರ್ ಗೋ ಬ್ಯಾಕ್’ ಎಂಬುದೂ ಇತ್ತು. ಸಾಂಬಾರಿನ ಪರ ನಾವು ವಾದಿಸಲಾರೆವು. ಇಡ್ಲಿಯ ಮಾತು ಬೇರೆ. ರಾಷ್ಟ್ರಕೂಟರ ಕಾಲದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಆ ಅರಸರ ರಾಜಧಾನಿ ಮಳಖೇಡ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಅಂದರೆ ನಿಜಾಮನ ಮುಲ್ಕಿನಲ್ಲಿಯೇ. 15 ವರ್ಷದ ವಾಸದ ಷರತ್ತನ್ನು ಇಡ್ಲಿ ಹತ್ತಾರು ಬಾರಿ ಪೂರೈಸಿತ್ತು.

1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನವೇ ಇಲ್ಲವಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೂ ಮರಾಠಿಯವು ಮುಂಬಯಿಗೂ ತೆಲುಗಿನವು ಆಂಧ್ರಕ್ಕೂ ಹೋದವು. ನಾಡು ಹೋದರೂ ನಾಡಿಗನೆಂಬ ಪದ ಉಳಿಯಿತು. ಸಂವಿಧಾನದ 16ನೆಯ ಅನುಚ್ಛೇದ ಹುಟ್ಟಿದ ಊರು ಅಥವಾ ವಾಸದ ಕಾರಣಕ್ಕೆ ಸರ್ಕಾರಿ ಹುದ್ದೆಯಲ್ಲಿ ಭೇದ ಮಾಡಬಾರದೆನ್ನುತ್ತದೆ. ವಾಸದ ಷರತ್ತು ಬೇಕೆನಿಸಿದರೆ ಸಂಸತ್ತು ಮಾತ್ರ ಕಾಯ್ದೆ ಮಾಡಬಹುದು. ಸಂಸತ್ತು 1957ರಲ್ಲಿ ಅಂಥದೊಂದು ಕಾಯ್ದೆ ಮಾಡಿ, ತೆಲಂಗಾಣ, ಹಿಮಾಚಲ, ಮಣಿಪುರ, ತ್ರಿಪುರಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಕಲಬುರಗಿ, ಬೀದರ, ರಾಯಚೂರುಗಳ ಹೆಸರು ಆ ಪಟ್ಟಿಯಲ್ಲಿಲ್ಲ. ನಿನ್ನೆಯವರೆಗೆ ಒಂದೇ ನಿಯಮದ ಕೆಳಗಿದ್ದ ಮುಲ್ಕಿಗಳಲ್ಲಿ ತೆಲುಗರಿಗೆ ರಕ್ಷಣೆ ಉಳಿದು, ಕನ್ನಡಿಗರಿಗೆ ಅಳಿಯಿತು. ಏಕೀಕರಣದ ಸಂಭ್ರಮದಲ್ಲಿ ಇದನ್ನು ಗಟ್ಟಿಯಾಗಿ ಕೇಳಿದವರು ಕಡಿಮೆ.

ತೆಲಂಗಾಣದ ರಕ್ಷಣೆಗೂ ಗಂಡಾಂತರ ಬಂತು. 1969ರ ಮಾರ್ಚ್ 28ರಂದು ಸುಪ್ರೀಂ ಕೋರ್ಟು ಆ ಕಾಯ್ದೆಯ ತೆಲಂಗಾಣ ಭಾಗವನ್ನು ಅಸಿಂಧುಗೊಳಿಸಿತು: ವಾಸದ ಷರತ್ತನ್ನು ಇಡೀ ರಾಜ್ಯಕ್ಕೆ ಹಾಕಬಹುದು, ರಾಜ್ಯದ ಒಂದು ಭಾಗಕ್ಕೆ ಹಾಕಲಾಗದು ಎಂಬುದು ಕಾರಣ. ಹಾಗಾದರೆ ಅದಕ್ಕೂ ಹಿಂದಿದ್ದ ನಿಜಾಮನ ನಿಯಮಗಳ ಗತಿಯೇನು? ಸಂವಿಧಾನ ಬರುವ ಮೊದಲೇ ಜಾರಿಯಲ್ಲಿದ್ದು, ಸಂಸತ್ತು ಬದಲಿಸುವವರೆಗೆ ಮುಂದುವರಿಯುವ ಕಾನೂನುಗಳ ಸಾಲಿಗೆ ಅವು ಸೇರುತ್ತವೆಯೇ? 1972ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸೇರುತ್ತವೆ ಎಂದಿತು. ಸಂಸ್ಥಾನ ಅಳಿದು 16 ವರ್ಷವಾದ ಮೇಲೆ ಅದರ ಪ್ರಜೆ ಯಾರೆಂಬ ನಿಯಮ ಹೀಗೆ ಎದ್ದು ಕುಳಿತಿತು.

ಕರಾವಳಿ ಆಂಧ್ರ ಉರಿದದ್ದು ಆಗ. ಪ್ರತ್ಯೇಕ ತೆಲಂಗಾಣಕ್ಕಾಗಿ 1969ರಲ್ಲಿ ನಡೆದ ಚಳವಳಿಗೆ ಮಗ್ಗುಲಾಗಿ, 1972ರ ಕೊನೆಯಲ್ಲಿ ಪ್ರತ್ಯೇಕ ಆಂಧ್ರಕ್ಕಾಗಿ ‘ಜೈ ಆಂಧ್ರ’ ಚಳವಳಿ ಎದ್ದಿತು. ಅದರ ಕೇಂದ್ರ ವಿಜಯವಾಡ, ನಾಯಕ ಕಾಕಾನಿ ವೆಂಕಟರತ್ನಂ. ಡಿಸೆಂಬರಿನಲ್ಲಿ, ಚಳವಳಿ ಕಾವೇರಿದ್ದಾಗಲೇ ಅವರು ತೀರಿಕೊಂಡರು. ನೆಲ್ಲೂರಿನ ಕಡೆ ಹೆಸರು ಮಾಡಿದ ವಿದ್ಯಾರ್ಥಿಗಳಲ್ಲಿ ವೆಂಕಯ್ಯ ನಾಯ್ಡು ಒಬ್ಬರು. ಸರ್ಕಾರಿ ನೌಕರರು ಮುಷ್ಕರ ಹೂಡಿದರು, ಕಾಲೇಜುಗಳು ಮುಚ್ಚಿದವು, ಗೋಲಿಬಾರುಗಳಾದವು. ನವೆಂಬರ್ 27ರಂದು ಇಂದಿರಾ ಗಾಂಧಿಯವರು ಐದಂಶದ ಸೂತ್ರವನ್ನು ಸಾರಿ, ಮುಲ್ಕಿ ನಿಯಮಗಳು ಹೈದರಾಬಾದ್ ನಗರದಲ್ಲಿ 1977ರವರೆಗೆ, ಉಳಿದ ತೆಲಂಗಾಣದಲ್ಲಿ 1980ರವರೆಗೆ ಇರಲಿ ಎಂದರು. ಇತ್ತ ಕಡೆಯವರಿಗೆ ಅದೂ ಹಿಡಿಸಲಿಲ್ಲ. ಮುಖ್ಯಮಂತ್ರಿ ಪಿ.ವಿ. ನರಸಿಂಹರಾವ್, ತಾವೇ ತೆಲಂಗಾಣದ ಮುಲ್ಕಿ, ಅಧಿಕಾರ ಬಿಡಬೇಕಾಯಿತು; 1973ರ ಜನವರಿಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು.

ತೆಲುಗರು ತೆಲುಗರನ್ನೇ ಪರನಾಡಿಗರೆಂದದ್ದು ಏಕೆ ಅಷ್ಟು ನೋಯಿಸಿತು? ಆಂಧ್ರದವರ ವಾದ ಸರಳ: ನಮ್ಮದೇ ರಾಜ್ಯದ ರಾಜಧಾನಿಯಲ್ಲಿ ನಾವು ಹೊರಗಿನವರು ಹೇಗಾದೇವು? ತೆಲಂಗಾಣದವರ ವಾದವೂ ಅಷ್ಟೇ ಸರಳ: ಇಂಗ್ಲಿಷ್ ಕಲಿತ ಸರ್ಕಾರ್ ಜಿಲ್ಲೆಗಳವರ ಎದುರು ಉರ್ದುವಿನಲ್ಲಿ ಓದಿದ ನಮ್ಮ ಮಕ್ಕಳಿಗೆ ಉಳಿಯುವ ಹುದ್ದೆ ಎಷ್ಟು? ನಾವು ಎರಡನೆಯ ವಾದದ ಕಡೆಗೆ ಸ್ವಲ್ಪ ಹೆಚ್ಚು ಒಲಿಯುತ್ತೇವೆ. ಕಲಬುರಗಿಯ ಕಷ್ಟವನ್ನು ಬಲ್ಲವರಿಗೆ ಅದು ಬೇಗ ಅರ್ಥವಾಗುತ್ತದೆ. ಅಂದಹಾಗೆ, ಸರ್ಕಾರ್ ಜಿಲ್ಲೆ ಎಂಬ ಹೆಸರಿನಲ್ಲೇ ಒಂದು ಹಳೆಯ ಮುಲ್ಕು ಅಡಗಿದೆ. ವಿಶಾಖಪಟ್ಟಣವಿದ್ದ ಚಿಕಾಕೋಲು, ಬೆಜವಾಡವಿದ್ದ ಕೊಂಡಪಲ್ಲಿ, ಎರಡೂ ನಿಜಾಮನ ಸರ್ಕಾರುಗಳೇ; 1766ರ ಒಪ್ಪಂದದಲ್ಲಿ ಅವನು ಅವನ್ನು ಕಂಪನಿಗೆ ಬಿಟ್ಟುಕೊಡದಿದ್ದರೆ ಈ ಎರಡೂ ಊರಿನವರು ಅಪ್ಪಟ ಮುಲ್ಕಿಗಳಾಗಿರುತ್ತಿದ್ದರು.

ವಿಶಾಖಪಟ್ಟಣಕ್ಕೆ ಇದಕ್ಕೂ ಮುಂಚೆಯೇ ತನ್ನದೊಂದು ಕೂಗಿತ್ತು. 1966ರ ಉಕ್ಕಿನ ಕಾರ್ಖಾನೆ ಚಳವಳಿಯ ಘೋಷಣೆ: ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು.’ ಇದನ್ನು ಕನ್ನಡಕ್ಕೆ ತಿರುಗಿಸಬೇಕಾಗಿಯೇ ಇಲ್ಲ. ಉಕ್ಕು ದ್ರಾವಿಡ, ಹಕ್ಕು ಅರಬ್ಬಿ. ಮುಲ್ಕಿ ಬಂದ ಭಾಷೆಯಿಂದಲೇ ಬಂದದ್ದು. 1970ರಲ್ಲಿ ವಿಶಾಖಪಟ್ಟಣದ ಜೊತೆಗೆ ಸೇಲಂ, ಹೊಸಪೇಟೆಗಳಿಗೂ ಕಾರ್ಖಾನೆಗಳು ಘೋಷಣೆಯಾದವೆಂಬುದು, ಹೊಸಪೇಟೆಯ ಸರ್ಕಾರಿ ಕಾರ್ಖಾನೆ ಅಡಿಗಲ್ಲಿನಿಂದ ಮೇಲೇಳಲಿಲ್ಲವೆಂಬುದು ಬೇರೆ ಕಥೆ.

1973ರ ಸೆಪ್ಟೆಂಬರಿನ ಆರಂಶದ ಸೂತ್ರದಿಂದ ಮುಲ್ಕಿ ನಿಯಮಗಳು ರದ್ದಾದವು. ಸಂವಿಧಾನಕ್ಕೆ 371-ಡಿ ಅನುಚ್ಛೇದ ಸೇರಿತು. 1975ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳ ಆದೇಶ ಹೊರಟು, ಮುಲ್ಕಿಯ ಜಾಗದಲ್ಲಿ ‘ಸ್ಥಳೀಯ ಅಭ್ಯರ್ಥಿ’ ಬಂದ. ಇಲ್ಲಿ ಒಂದು ವಿನೋದವಿದೆ. ಆದೇಶ ರಾಜ್ಯವನ್ನು ಆರು ವಲಯಗಳಾಗಿ ಒಡೆಯಿತು. ವಿಶಾಖಪಟ್ಟಣ ಒಂದನೆಯ ವಲಯಕ್ಕೂ, ವಿಜಯವಾಡವಿದ್ದ ಕೃಷ್ಣಾ ಜಿಲ್ಲೆ ಎರಡನೆಯದಕ್ಕೂ ಸೇರಿತು. ಗೈರ್‌ಮುಲ್ಕಿ ಎಂಬ ಒಂದು ಪದದ ವಿರುದ್ಧ ಹೆಗಲಿಗೆ ಹೆಗಲು ಕೊಟ್ಟ ಎರಡು ಊರುಗಳು, ಸುಮಾರು 350 ಕಿಲೋಮೀಟರ್ ಅಂತರದಲ್ಲಿ, ಒಂದಕ್ಕೊಂದು ಪರಸ್ಥಳೀಯವಾದವು. ಕಾಲೇಜು ಪ್ರವೇಶದ ಆದೇಶದಲ್ಲಿ ಮಾತ್ರ ಎರಡೂ ಆಂಧ್ರ ವಿಶ್ವವಿದ್ಯಾನಿಲಯದ ಕ್ಷೇತ್ರದೊಳಗೆ ಬಂದದ್ದರಿಂದ, ವಿಜಯವಾಡದ ಹುಡುಗ ವಿಶಾಖಪಟ್ಟಣದಲ್ಲಿ ಓದುವಾಗ ಸ್ಥಳೀಯ, ನೌಕರಿ ಕೇಳುವಾಗ ಅಲ್ಲ. ತೆಲಂಗಾಣದಲ್ಲಿ ತುಂಬಿದ ಪರಸ್ಥಳೀಯರನ್ನು ಹಿಂದಕ್ಕೆ ಕಳಿಸಬೇಕೆಂಬ 1985ರ 610ನೆಯ ಸರ್ಕಾರಿ ಆದೇಶ ಮುಂದಿನ ಮೂವತ್ತು ವರ್ಷದ ರಾಜಕಾರಣಕ್ಕೆ ಮೇವಾಯಿತು.

2014ರ ಜೂನ್ 2ರಂದು ರಾಜ್ಯ ಎರಡಾದಾಗ ಪದ ಮತ್ತೊಮ್ಮೆ ಮಗ್ಗುಲು ಬದಲಿಸಿತು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಆಂಧ್ರ ನೌಕರರ ಮಕ್ಕಳು ತಾಯ್ತಂದೆಯರೊಡನೆ ವಿಜಯವಾಡದ ಕಡೆಗೆ ಬಂದರೆ, ಇಲ್ಲಿ ಅವರು ಪರಸ್ಥಳೀಯರು. ಮೂರು ವರ್ಷದೊಳಗೆ ವಲಸೆ ಬಂದವರನ್ನು ಸ್ಥಳೀಯರೆಂದೇ ಎಣಿಸಬೇಕೆಂದು 2016ರಲ್ಲಿ ಆದೇಶಕ್ಕೆ ತಿದ್ದುಪಡಿ ತಂದು, ಆ ಗಡುವನ್ನು ಮತ್ತೆ ಮತ್ತೆ ಮುಂದೂಡಬೇಕಾಯಿತು. ಅಜ್ಜನ ಊರಿಗೆ ಬಂದ ಮೊಮ್ಮಗನಿಗೆ ಈ ಊರಿನವನೆಂಬ ಪತ್ರ ಬೇಕಾದ ಕಾಲ ಅದು.

ನಮ್ಮ ಕಡೆಯ ಮುಲ್ಕಿಗಳ ಮಾತೂ ಮುಗಿದಿರಲಿಲ್ಲ. 1957ರ ಪಟ್ಟಿಯಲ್ಲಿ ತಪ್ಪಿದ ಹೆಸರು ಸಂವಿಧಾನ ಸೇರಲು 55 ವರ್ಷ ಹಿಡಿಯಿತು. 2012ರ 98ನೆಯ ತಿದ್ದುಪಡಿಯಿಂದ ಬಂದ 371-ಜೆ, ಹುಟ್ಟಿನಿಂದ ಇಲ್ಲವೆ ವಾಸದಿಂದ ಹೈದರಾಬಾದ್ ಕರ್ನಾಟಕಕ್ಕೆ ಸೇರಿದವರಿಗೆ ಹುದ್ದೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಪಾಲು ಕೊಟ್ಟಿತು. ಹುಟ್ಟು ಇಲ್ಲವೆ ವಾಸ ಎಂಬ ಈ ಜೋಡಿ 1919ರ ಫರ್ಮಾನಿನ ಜೋಡಿಯೇ. ಮರಳುವ ಯೋಚನೆಯ ಪ್ರಮಾಣ ಮಾತ್ರ ಬಿಟ್ಟುಹೋಗಿದೆ. 1800ರಲ್ಲಿಯೇ ನಿಜಾಮನ ಕೈಬಿಟ್ಟ ಬಳ್ಳಾರಿಯೂ ಈ ಬಾರಿ ಒಳಗೆ ಬಂತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಬೆಂಗಳೂರಿನಲ್ಲಿ ಕೆಲವರು ಈ ಮೀಸಲಾತಿಯ ಬಗ್ಗೆ ಗೊಣಗುವುದನ್ನು ಕೇಳಿದಾಗ ನಮಗೆ 1972ರ ವಿಜಯವಾಡದ ಮಾತುಗಳೇ ಕೇಳಿಸಿದಂತಾಗುತ್ತದೆ.

ಇನ್ನು ನಾವು. ಕೇಂದ್ರ ಸರ್ಕಾರದ ನೌಕರರಾದ ನಮಗೆ ಸ್ವತಃ ಇದಾವುದೂ ತಟ್ಟುವುದಿಲ್ಲ. ವರ್ಗಾವಣೆಯ ಆದೇಶಕ್ಕೆ ಮುಲ್ಕು ಯಾವುದಾದರೇನು? ತಟ್ಟುವುದು ಮಕ್ಕಳಿಗೆ. ಆಂಧ್ರದ ಕಾಲೇಜುಗಳಲ್ಲಿ ನೂರಕ್ಕೆ 85 ಸ್ಥಾನ ಸ್ಥಳೀಯರಿಗೆ. ಇಲ್ಲಿ ಸತತವಾಗಿ ನಾಲ್ಕು ವರ್ಷ ಓದಿದ ಕನ್ನಡಿಗರ ಮಗಳೂ ಸ್ಥಳೀಯಳೇ, ತಂದೆಯ ವರ್ಗಾವಣೆಯಿಂದ ಓದು ತುಂಡಾದವಳಿಗೆ ಉಳಿದ 15ರಲ್ಲಿ ಹುಡುಕಾಟ. ನಿಜಾಮನ ಹದಿನೈದು ವರ್ಷಕ್ಕೆ ಹೋಲಿಸಿದರೆ ನಾಲ್ಕು ವರ್ಷ ಉದಾರವೇ ಸರಿ. ಕರ್ನಾಟಕದಲ್ಲಿ ಪ್ರವೇಶ ಕೇಳಿದರೆ ಅಲ್ಲಿನ ಸಾಮಾನ್ಯ ನಿಯಮ ಏಳು ವರ್ಷದ ಓದನ್ನು ಕೇಳುತ್ತದೆ. ಅದಿಲ್ಲದವರಿಗಾಗಿ ಹೊರನಾಡ ಕನ್ನಡಿಗರೆಂಬ ಬೇರೆಯೊಂದು ಕಲಮನ್ನು ಇಟ್ಟಿದ್ದಾರೆ. ಅದರಲ್ಲಿ ಹುಟ್ಟನ್ನೂ ವಾಸವನ್ನೂ ಪಕ್ಕಕ್ಕಿಟ್ಟು, ಮಾತೃಭಾಷೆಯೊಂದನ್ನೇ ನೋಡುತ್ತಾರೆ. ಅದನ್ನು ತೋರಿಸಲು ಕನ್ನಡ ಭಾಷಾ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಮುಲ್ಕಿ ನಿಯಮ ಎಂದೂ ಕೇಳದ ಪ್ರಶ್ನೆಯನ್ನು ಈ ನಿಯಮ ಕೇಳುತ್ತದೆ, ಮತ್ತು ಅದೊಂದನ್ನೇ ಕೇಳುತ್ತದೆ. ಆದ್ದರಿಂದ ಹನ್ನೆರಡನೆಯ ತರಗತಿ ಮುಗಿಯುತ್ತ ಬಂದಂತೆ ಇಲ್ಲಿನ ಕನ್ನಡ ಮನೆಗಳಲ್ಲಿ ಗಣಿತ, ಭೌತಶಾಸ್ತ್ರದ ಪುಸ್ತಕಗಳ ಪಕ್ಕದಲ್ಲಿ ಒಂದು ಕಾಗುಣಿತದ ಪುಸ್ತಕವೂ ಬಂದು ಕೂರುತ್ತದೆ. ತೆಲುಗು ಲಿಪಿ ಬಲ್ಲ ಮಕ್ಕಳಿಗೆ ಅಕ್ಷರಗಳು ಒಂದು ವಾರದ ಕೆಲಸ. ಒತ್ತಕ್ಷರಗಳಿಗೆ ಇನ್ನೊಂದು ವಾರ ಹಿಡಿಯುತ್ತದೆ.